ಆರನೇ ಗೇರು

ಕಳಂಬೋಲಿಯ ಸ್ಟೀಲ್ ಮಾರ್ಕೆಟ್ಟಿನ ಹಿಂದೆ
ನನ್ನದೊಂದು ತಗಡಿನ ಶೆಡ್ಡು.
ಗೇರ್‌ಬಾಕ್ಸ್ ಬಿಚ್ಚಿದರೆ ಮೊದಲು ಮೂಸುತ್ತೇನೆ,
ಡ್ರೈವರನ ಮಾತು ಆಮೇಲೆ.
ಎಣ್ಣೆಗೆ ಸುಳ್ಳು ಬರುವುದಿಲ್ಲ.

ಸಾತಲಿಂಗನ ಟ್ರೇಲರಿನಲ್ಲಿ ಅವತ್ತು
ಒಗ್ಗರಣೆಯಲ್ಲಿ ಹೊತ್ತಿದ ಬೆಳ್ಳುಳ್ಳಿಯ ವಾಸನೆ.
ಆರನೆಯದರ ಹಲ್ಲೆಲ್ಲ ನೀಲಿ,
ನವಿಲಿನ ಕುತ್ತಿಗೆಯ ನೀಲಿ.
ಕೆಡುವ ಮುಂಚೆ ಉಕ್ಕು
ಒಂದು ಸಲ ಹಾಗೆ ಚೆಂದ ಕಾಣುತ್ತದೆ.

‘ಎಲ್ಲೆಲ್ಲಿ ಹಾಕಿದ್ದಿ ಓವರ್‌ಡ್ರೈವು?’
‘ಎಲ್ಲಾ ಕಡೆ, ಕಾಕಾ. ಡೀಸೆಲ್ ಉಳಸು ಅಂದಾನ ಶೇಠ.
ಲೀಟರಿಗೆ ಅರ್ಧ ಕಿಲೋಮೀಟರ್ ಹೆಚ್ಚ ಬಂದ್ರ
ದೀವಳಿಗಿಗಿ ಮೊಬೈಲ್ ಕೊಡ್ತೀನಂತ.’
‘ಹಿಂದ ಎಷ್ಟಿತ್ತು?’
‘ಇಪ್ಪತ್ತೆಂಟು ಟನ್. ಎರಡ ಕಾಯಿಲ್.’

ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದೆ.
ಐದನೆಯದು ನೇರ ದಾರಿ:
ಇಂಜಿನ್ ಒಂದು ಸುತ್ತು, ಶಾಫ್ಟು ಒಂದು ಸುತ್ತು,
ನಡುವೆ ಯಾವ ಹಲ್ಲಿನ ಮೇಲೂ ಭಾರವಿಲ್ಲ.
ಆರನೆಯದು ಹಾಗಲ್ಲ. ಪಕ್ಕದ ಮನೆಗೆ ಹೋಗಿ,
ಅಲ್ಲಿಂದ ಕೈಗಡ ತಂದು
ಮುಕ್ಕಾಲು ಸುತ್ತನ್ನು ಒಂದು ಮಾಡಿ ಕೊಡುತ್ತದೆ.
ಬಲ ಕೊಟ್ಟು ವೇಗ ಕೊಳ್ಳುವ ವ್ಯಾಪಾರ.
ಬಲವೇ ಇಲ್ಲದಾಗ ಏನು ಕೊಟ್ಟು ಕೊಳ್ಳುತ್ತೀ?

ಅವನು ತಲೆ ಹಾಕಿದ. ತಿಳಿಯಲಿಲ್ಲವೆಂದು ನನಗೆ ತಿಳಿಯಿತು.

ಮೂರನೇ ದಿನ ರಾತ್ರಿ ಅವನ ಪಕ್ಕ ನಾನೇ ಕೂತೆ.
ಹಿಂದೆ ಮತ್ತೆ ಎರಡು ಕಾಯಿಲ್, ಚಾಕಣದ ಕಾರ್ಖಾನೆಗೆ.
ಖಾಲಾಪುರದ ಟೋಲ್ ದಾಟಿದ್ದೇ ಅವನ ಕೈ
ಹಸಿದ ಬೆಕ್ಕಿನ ಹಾಗೆ ಗೇರಿನತ್ತ ಸರಿಯಿತು.
ಬೇಡ ಅಂದೆ. ಘಾಟು ಶುರುವಾಗುವ ಮೊದಲೇ ಇಳಿಸು,
ಏದುಸಿರು ಬಂದ ಮೇಲಲ್ಲ.
ನಾಲ್ಕು, ಮೂರು, ಎರಡು.
ಕಾರುಗಳು ಬೈದು ಹೋದವು.
ಸುರಂಗದಲ್ಲಿ ನಮ್ಮದೇ ಸದ್ದು ನಮ್ಮ ಮೇಲೆ ಬಿತ್ತು.

ಲೋನಾವಳಾದ ದೀಪಗಳು. ಮತ್ತೆ ಕೈ.
ಇನ್ನೂ ಇಲ್ಲ. ಮುಂದೆ ಇಳಿಜಾರಿದೆ,
ಅಲ್ಲಿ ಇಂಜಿನ್ನೇ ಮೂಗುದಾಣ,
ಆರಕ್ಕೆ ಹಾಕಿದರೆ ಕೈಯಲ್ಲಿ ಬರೀ ಹಗ್ಗ.
‘ಹತ್ತೋವಾಗೂ ಬ್ಯಾಡ, ಇಳಿಯೋವಾಗೂ ಬ್ಯಾಡ,
ಮತ್ತ್ಯಾಕ ಕೊಟ್ಟಾನ ಕಾಕಾ ಇದನ್ನ ಕಂಪನಿಯಾಂವ?’
ಒಳ್ಳೆಯ ಪ್ರಶ್ನೆ.
ಉತ್ತರ ಕಾಮಶೇತಿನ ಆಚೆ ಇತ್ತು.

ಐದರಲ್ಲಿ ಓಡುತ್ತಿದ್ದೆವು. ರಸ್ತೆ ಸಾರಿಸಿದ ಪಡಸಾಲೆ.
ಕಾಲು ಸ್ವಲ್ಪ ಎತ್ತು ಅಂದೆ. ಎತ್ತಿದ.
ಗಾಡಿ ಜಗ್ಗಲಿಲ್ಲ, ಕುಗ್ಗಲಿಲ್ಲ,
ಭಾರಕ್ಕೆ ತನ್ನ ಭಾರ ಮರೆತಿತ್ತು.
ಈಗ.

ಇಂಜಿನ್ ಒಂದು ಮೆಟ್ಟಿಲು ಕೆಳಗಿಳಿದು ಕೂತಿತು.
ಇಷ್ಟು ಹೊತ್ತು ಎಲ್ಲಿದ್ದವೋ, ಒಂದೊಂದೇ ಕೇಳಿಸಿದವು:
ಹಿಂದಿನ ಸರಪಳಿಯ ಕಿಣಿಕಿಣಿ,
ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ,
ಕ್ಲೀನರ್ ಹುಡುಗನ ಗೊರಕೆ.
ಎಣಿಸು ಅಂದೆ. ಅರವತ್ತರೊಳಗೆ ವಾಪಸ್ ಐದಕ್ಕೆ
ಬರಬೇಕಾದರೆ ಈ ಜಾಗ ಅದರದ್ದಲ್ಲ.
ತುಟಿ ಅಲ್ಲಾಡಿಸುತ್ತ ಎಣಿಸಿದ.
ಅರವತ್ತು ದಾಟಿತು, ನೂರು ದಾಟಿತು,
ಅವನು ನಿಲ್ಲಿಸಲೇ ಇಲ್ಲ.

ಹನ್ನೊಂದು ನಿಮಿಷ. ಆಮೇಲೆ ಉರ್ಸೆ ಟೋಲಿನ ಬೆಳಕು.
‘ಇಷ್ಟss?’ ಅಂದ.
ಇಷ್ಟೇ ಅಂದೆ.

ತಳೇಗಾಂವದಲ್ಲಿ ಇಳಿದು, ಚಹಾ ಕುಡಿದು,
ಮುಂಬಯಿ ಕಡೆಗೆ ಹೊರಟ ಹಾಲಿನ ಟ್ಯಾಂಕರ್ ಹತ್ತಿದೆ.
ತುಂಬಿದ ಟ್ಯಾಂಕರ್. ಡ್ರೈವರ್ ಯಾರೋ, ಮೀಸೆಯವ,
ಗುರುತಿಲ್ಲ, ಪರಿಚಯವಿಲ್ಲ.
ನನಗೇಕೆ ಬೇಕು ಅಂದುಕೊಂಡು ಕಣ್ಣು ಮುಚ್ಚಿದೆ.
ಖಂಡಾಳಾ ಹತ್ತಿರ ಬಂತು, ಇಂಜಿನ್ ಇನ್ನೂ
ಪಿಸುಗುಡುತ್ತಲೇ ಇತ್ತು.
ಕಣ್ಣು ಮುಚ್ಚಿಕೊಂಡೇ ಮರಾಠಿಯಲ್ಲಿ ಹೇಳಿದೆ:
ತಮ್ಮಾ, ಅದನ್ನ ತೆಗೆ.